ಒಂದು ಕುರ್ಚಿ, ಐದು ಬೆಲೆ

ಕುಷನ್ ಕೆಲಸದವರು ಮೊಳೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಕೂರುವುದಿಲ್ಲ, ಬಾಯಲ್ಲಿಟ್ಟುಕೊಳ್ಳುತ್ತಾರೆ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಎತ್ತಿ ಕೊಡಲು ಮೂರನೆಯ ಕೈಯನ್ನು ದೇವರು ಯಾರಿಗೂ ಕೊಟ್ಟಿಲ್ಲ. ಹಾಗಾಗಿ ಒಂದಷ್ಟು ಸಣ್ಣ ಮೊಳೆಗಳನ್ನು ಕೆನ್ನೆಯೊಳಗೆ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ಹಲ್ಲಿನ ನಡುವೆ ತಂದು ನಿಲ್ಲಿಸಿ, ಸುತ್ತಿಗೆಯ ಅಯಸ್ಕಾಂತದ ತುದಿಯಿಂದ ಮುಟ್ಟಿ ತೆಗೆದು ಹೊಡೆಯುತ್ತಾರೆ. ಹೊಸದಾಗಿ ಸೇರಿದವರಿಗೆ ಮೊದಮೊದಲು ಜೀವ ಬಾಯಿಗೆ ಬಂದ ಹಾಗಾಗುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ.

ಬಾಯಿ ತುಂಬ ಮೊಳೆ ಇದ್ದಾಗ ಮಾತಾಡಲು ಬರುವುದಿಲ್ಲ. ಬೇರೆಯವರಿಗೆ ಅದೊಂದು ಕಾಟ, ಸೂಜಿಗೆ ಮಾತ್ರ ವರ.

ಸೂಜಿ ಎನ್ನುವುದು ಅಂಗಡಿಯಲ್ಲಿ ಅವಳಿಗೆ ಬಿದ್ದ ಹೆಸರು. ಸಣಕಲು ಮೈ, ನೆಟ್ಟಗಿನ ನಡಿಗೆ, ಸದ್ದಿಲ್ಲದ ಕೆಲಸ. ಅಪ್ಪನ ಬೆನ್ನು ಕೈಕೊಟ್ಟು ಅವರು ವ್ಯಾನು ಓಡಿಸುವುದು ನಿಂತ ವರ್ಷವೇ ಶಾಲೆ ಬಿಟ್ಟು ಇಲ್ಲಿ ದಾರ ಕತ್ತರಿಸಲು ಸೇರಿದವಳು, ಈಗ ಅಂಗಡಿಯ ಅರ್ಧ ಕೆಲಸ ಅವಳ ಕೈಯಲ್ಲೇ ಆಗುತ್ತಿತ್ತು. ಅದರಲ್ಲೂ ಸೋಫಾದ ಅಂಚಿಗೆ ದಾರದ ಹುರಿ ತುಂಬಿ ಹೊಲಿಯುವ ಪೈಪಿಂಗ್ ಅವಳಷ್ಟು ಚೆನ್ನಾಗಿ ಯಜಮಾನರಿಗೂ ಬರುತ್ತಿರಲಿಲ್ಲ. ಆದರೆ ಗಿರಾಕಿ ಬಂದರೆ ಸಾಕು, ಅವಳು ಡಬ್ಬಿಗೆ ಕೈಹಾಕಿ ನಾಲ್ಕು ಮೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೇಳಿದ್ದಕ್ಕೆಲ್ಲ ತಲೆಯಾಡಿಸಿ, ಬೆರಳು ತೋರಿಸಿ ಯಜಮಾನರ ಕಡೆಗೆ ಕಳಿಸಿಬಿಡುತ್ತಿದ್ದಳು.

ಯಜಮಾನರಿಗೆ ಮಾತೇ ಬಂಡವಾಳ. ಬೆಲೆ ಹೇಳುವುದಕ್ಕೆ ಅವರದೇ ಒಂದು ಕ್ರಮವಿತ್ತು. ಗಿರಾಕಿ ಬಾಗಿಲಲ್ಲಿ ನಿಂತು ಎಷ್ಟಾಯಿತು ಎಂದು ಕೇಳಿದರೆ ಅವರಿಗೆ ಕಿವಿಯೇ ಕೇಳುತ್ತಿರಲಿಲ್ಲ. ಮುಗಿದ ಕುರ್ಚಿಯನ್ನು ಎಳೆದು ತಂದು, ಧೂಳಿಲ್ಲದಿದ್ದರೂ ಒರೆಸಿ, ಅವರನ್ನು ಅದರಲ್ಲಿ ಕೂರಿಸಿ, ಒರಗಿಸಿ, ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಇಡಿಸಿ, ಆಮೇಲೆ ಬೆಲೆ ಹೇಳುತ್ತಿದ್ದರು. ನಿಂತವನು ಚೌಕಾಸಿ ಮಾಡುತ್ತಾನೆ, ಕೂತವನಿಗೆ ಏಳಲು ಮನಸ್ಸಾಗುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ. ಹೊಲಿಗೆಯಂತ್ರದ ಹಿಂದೆ ಕೂತು ಸೂಜಿ ಇದನ್ನೆಲ್ಲ ಎಷ್ಟು ಸಲ ನೋಡಿದ್ದಳೋ.

ಬೀದಿಯ ತಿರುವಿನಲ್ಲಿ ಬೀಗ ರಿಪೇರಿಯವನ ಕೋಣೆ ಖಾಲಿಯಾದಾಗ ಅವಳ ತಲೆಯಲ್ಲಿ ಸ್ವಂತ ಅಂಗಡಿಯ ಹುಳ ಬಿಟ್ಟವರು ಅಪ್ಪ. ಒಂದು ಯಂತ್ರ, ಒಂದು ಮೇಜು, ಎರಡು ಕುರ್ಚಿ ಹಿಡಿಯುವಷ್ಟು ಜಾಗ. ಹಗಲು ಪೂರ್ತಿ ಬೆಳಕು. ಬಾಡಿಗೆಯೂ ಕೈಗೆಟುಕುವಂಥದ್ದೇ. ಕೋಣೆಯ ಒಡತಿ ತಿಂಗಳ ಕೊನೆಯವರೆಗೆ ಕಾಯುತ್ತೇನೆಂದಿದ್ದಳು. ಸೂಜಿ ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದಳು. ಗೋಡೆಯ ಮೇಲೆ ಬೀಗದವನು ಬಿಟ್ಟುಹೋದ ದೊಡ್ಡ ಕೀಲಿಯ ಚಿತ್ರ ಅಳಿಸದೆ ಹಾಗೇ ಇತ್ತು.

ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷವಾಯಿತು. ಅಪ್ಪ, ಅಜ್ಜಿ, ಕಾಲೇಜಿಗೆ ಹೋಗುವ ತಮ್ಮ ಒಂದು ಕಡೆ. ಅಮ್ಮ ಒಬ್ಬಳೇ ಇನ್ನೊಂದು ಕಡೆ. ಆದರೂ ತಕ್ಕಡಿ ಅಮ್ಮನ ಕಡೆಗೇ ವಾಲುತ್ತಿತ್ತು, ಯಾಕೆಂದರೆ ಮನೆ ನಡೆಸುವವಳು ಅವಳು. ಅಜ್ಜಿಯ ಔಷಧಿ, ಅಪ್ಪನ ಬೆನ್ನಿನ ಪಟ್ಟಿ, ತಮ್ಮನ ಓದು ಎಲ್ಲವೂ ಸೂಜಿಯ ಸಂಬಳದ ಮೇಲೆ ಕಾಲೂರಿ ನಿಂತಿದ್ದವು. ಅಮ್ಮ ಜಗಳವಾಡಲಿಲ್ಲ. ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ, ಒಂದೇ ಮಾತು ಕೇಳಿದಳು.

"ಕೆಲಸ ನಿನಗೆ ಬರುತ್ತೆ, ಅದು ನನಗೂ ಗೊತ್ತು. ಬಂದವರ ಹತ್ರ ಇಷ್ಟು ಕೊಡಿ ಅಂತ ಬಾಯಿಬಿಟ್ಟು ಕೇಳೋಕೆ ಬರುತ್ತಾ?"

ಸೂಜಿ ತೊಳೆದ ಪಾತ್ರೆಗಳನ್ನು ಒರೆಸತೊಡಗಿದಳು. ದಿನಸಿ ಅಂಗಡಿಯವನು ಚಿಲ್ಲರೆ ತಪ್ಪಾಗಿ ಕೊಟ್ಟರೂ ಹಿಂದಿರುಗಿ ಕೇಳದೆ ಬರುವ ಹುಡುಗಿ ಅವಳು.

ಹಲ್ಲಿನ ಡಾಕ್ಟರಮ್ಮನ ಕುರ್ಚಿ ಮನೆಗೆ ಬಂದದ್ದು ಈ ಹೊತ್ತಿನಲ್ಲಿ. ಅದು ಅಜ್ಜಿಯ ಕಾರಸ್ಥಾನ. ಡಾಕ್ಟರಮ್ಮನ ದವಾಖಾನೆ ಅದೇ ಬೀದಿಯ ಇನ್ನೊಂದು ತುದಿಯಲ್ಲಿತ್ತು. ಹಲ್ಲಿನ ಸೆಟ್ಟು ಸಡಿಲವಾಗಿದೆ ಎಂದು ಅಲ್ಲಿಗೆ ಹೋದ ಅಜ್ಜಿ, ಕಾಯುವ ಕೋಣೆಯಲ್ಲಿ ಹರಿದ ರೆಕ್ಸಿನ್ ಕುರ್ಚಿಯ ಮೇಲೆ ಕೂತು, ಹಲ್ಲಿಗಿಂತ ನಿಮ್ಮ ಕುರ್ಚಿಗೇ ಮೊದಲು ಚಿಕಿತ್ಸೆ ಬೇಕು, ನನ್ನ ಮೊಮ್ಮಗಳು ಮಾಡಿಕೊಡುತ್ತಾಳೆ ಎಂದು ಹೇಳಿಬಿಟ್ಟಿದ್ದಳು. ಡಾಕ್ಟರಮ್ಮ ಒಂದು ಕುರ್ಚಿಯನ್ನು ನೋಡೋಣವೆಂದು ಕೊಟ್ಟರು. ಚೆನ್ನಾಗಿ ಬಂದರೆ ಉಳಿದವನ್ನೂ ಕೊಡುತ್ತೇನೆ ಎಂದರು. ಇದು ಸರಿಹೋದರೆ ಬೀಗದವನ ಕೋಣೆ, ಇಲ್ಲದಿದ್ದರೆ ಆ ಸುದ್ದಿಯನ್ನೇ ಎತ್ತುವುದು ಬೇಡ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಅದು ತಿಳಿದಿತ್ತು.

ಸೂಜಿ ರಜೆಯ ದಿನ ಕುರ್ಚಿಯನ್ನು ಮುಂದಿನ ಕೋಣೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿ ಹಳೆಯ ಮೊಳೆ ಕೀಳಲು ಕೂತಳು. ಮನೆಯವರು ಸುತ್ತ ಕೂತರು. ಹಳೆಯ ರೆಕ್ಸಿನ್ ಬಿಚ್ಚಿದಾಗ ಅವಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಸಾಮಾನ್ಯವಾಗಿ ಕುರ್ಚಿಯ ಸ್ಪಂಜು ನಡುವೆ ಕುಸಿದಿರುತ್ತದೆ. ಇದರಲ್ಲಿ ನಡುಭಾಗ ಹೊಸದರಂತೆಯೇ ಇತ್ತು, ಮುಂದಿನ ಅಂಚು ಮಾತ್ರ ಪುಡಿಪುಡಿ. ಕುರ್ಚಿಯ ತೋಳುಗಳ ತುದಿಯಲ್ಲಿ ಉಗುರಿನ ಗುರುತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಹಲ್ಲು ಕೀಳಿಸಿಕೊಳ್ಳಲು ಬಂದವರು ಯಾರು ತಾನೇ ಆರಾಮಾಗಿ ಒರಗಿ ಕೂರುತ್ತಾರೆ? ಓಡಿಹೋಗಲು ತಯಾರಾದವರ ಹಾಗೆ ತುದಿಯಲ್ಲಿ ಕೂತು ಕುರ್ಚಿಯ ತೋಳು ಹಿಡಿದುಕೊಳ್ಳುತ್ತಾರೆ. ಅವಳು ಮುಂದಿನ ಅಂಚಿಗೆ ಗಟ್ಟಿ ಸ್ಪಂಜು ಕತ್ತರಿಸಿ ಕೂರಿಸಿದಳು. ತೋಳುಗಳ ತುದಿಗೆ ಎರಡು ಪದರ ಬಟ್ಟೆ ಕೊಟ್ಟು, ಹಿಡಿದರೆ ಹಿಡಿತ ಸಿಗುವ ಹಾಗೆ ದಪ್ಪ ಪೈಪಿಂಗ್ ಓಡಿಸಿದಳು.

"ಹೆದರಿದವರಿಗೆ ಅಂತಲೇ ಮಾಡಿದ ಹಾಗಿದೆ," ಎಂದ ತಮ್ಮ. "ಅಕ್ಕ, ನೀನೇ ಇದರಲ್ಲಿ ಕೂತ್ಕೋ."

ಅವಳು ಅವನ ಮಂಡಿಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಒಂದು ಕೊಟ್ಟಳು. ಅವಳಿಗೆ ನಗು ಬಂದಿತ್ತು, ಆದರೆ ಬಾಯಲ್ಲಿ ಮೊಳೆ.

ಇನ್ನುಳಿದದ್ದು ಬೆಲೆಯ ಮಾತು. ಬಟ್ಟೆಗೆ, ಸ್ಪಂಜಿಗೆ, ಕುರ್ಚಿಯ ತಳದ ಪಟ್ಟಿಗೆ ಎಷ್ಟಾಯಿತು, ತನ್ನ ದುಡಿಮೆಗೆ ಎಷ್ಟು, ನಾಳೆ ಕೋಣೆ ಹಿಡಿದರೆ ಬಾಡಿಗೆಗೆ ಎಷ್ಟು ಎಂದೆಲ್ಲ ಅವಳು ಮನಸ್ಸಿನಲ್ಲೇ ಕೂಡಿಸಿ ಕಳೆದು ಒಂದು ಬೆಲೆ ನಿಲ್ಲಿಸಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಒಂದೆರಡು ಸಲ ಮೆತ್ತಗೆ ಹೇಳಿ ನೋಡಿದ್ದಳು. ನೀರಿನ ಸದ್ದಿನಲ್ಲಿಯೂ ಅದು ತುಂಬಾ ಜೋರಾಗಿ ಕೇಳಿದಂತಾಗಿ ನಲ್ಲಿಯನ್ನು ಇನ್ನಷ್ಟು ತಿರುಗಿಸಿದ್ದಳು.

ಅವಳು ಹೇಳಲಾರಳು ಎನ್ನುವುದು ಮನೆಯವರಿಗೆಲ್ಲ ಖಾತ್ರಿಯಿತ್ತು. ಹುಡುಗಿ ಮುಜುಗರಪಡುವುದು ಬೇಡ, ಒಂದು ಮಾತು ಮೊದಲೇ ಡಾಕ್ಟರಮ್ಮನ ಕಿವಿಗೆ ಹಾಕಿಬಿಟ್ಟರಾಯಿತು ಎಂದು ಪ್ರತಿಯೊಬ್ಬರಿಗೂ ಹೊಳೆಯಿತು. ಆದರೆ ಇನ್ನೊಬ್ಬರಿಗೂ ಅದೇ ಹೊಳೆದಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಆ ಮನೆಯೇ ಹಾಗೆ. ಒಬ್ಬರಿಗೆ ಜ್ವರ ಬಂದರೆ ಮೂವರು ಮೂರು ಅಂಗಡಿಯಿಂದ ಅದೇ ಮಾತ್ರೆ ತರುವ ಮನೆ.

ಕುರ್ಚಿ ಮುಗಿದ ಮೇಲೆ ಡಾಕ್ಟರಮ್ಮ ಒಂದು ಸಂಜೆ ತಾವೇ ಬಂದರು. ದಪ್ಪ ಕನ್ನಡಕ, ಬಿರುಸು ನಡಿಗೆ. ದಿನವಿಡೀ ಬಾಯಿ ತೆರೆದುಕೊಂಡು ಮಲಗಿದವರ ಜೊತೆ ಮಾತಾಡಿ ಅಭ್ಯಾಸವಾದವರು. ಹಾಗಾಗಿ ಅವರು ಪ್ರಶ್ನೆ ಕೇಳುತ್ತಿದ್ದರೇ ಹೊರತು ಉತ್ತರಕ್ಕೆ ಕಾಯುತ್ತಿರಲಿಲ್ಲ. ಹೇಗಿದ್ದೀರಿ, ಅಜ್ಜಿ ಹಲ್ಲು ಒತ್ತುತ್ತಿಲ್ಲ ತಾನೇ, ಮನೆ ತಂಪಾಗಿದೆ, ಇದೇ ಏನು ಕುರ್ಚಿ ಎಂದು ಒಂದೇ ಉಸಿರಿಗೆ ಕೇಳಿ ಮುಗಿಸಿದರು. ಅವರು ಗೇಟು ತೆರೆದ ಸದ್ದಿಗೇ ಸೂಜಿ ಕುರ್ಚಿಯ ಅಡಿಬಟ್ಟೆಗೆ ಇನ್ನೊಂದೆರಡು ಮೊಳೆ ಬೇಕೆಂಬಂತೆ ಬಾಯಿ ತುಂಬಿಕೊಂಡು ಬಗ್ಗಿ ಕೂತಿದ್ದಳು. ಅಜ್ಜಿ ಮಂಚದ ಮೇಲೆ, ಅಪ್ಪ ಕಿಟಕಿಯ ಬಳಿ, ತಮ್ಮ ಬಾಗಿಲಲ್ಲಿ. ಅಮ್ಮ ಚಹಾ ತಂದಳು.

ಡಾಕ್ಟರಮ್ಮ ಚಹಾ ಮುಟ್ಟಲಿಲ್ಲ. ಕನ್ನಡಕ ಸರಿಮಾಡಿಕೊಂಡು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

"ನನಗೊಂದು ಅನುಮಾನ ಇದೆ, ಬಗೆಹರಿಸಿ," ಎಂದರು. "ಈ ಕುರ್ಚಿಗೆ ನಾನು ಯಾರು ಹೇಳಿದ ಬೆಲೆ ಕೊಡಬೇಕು?"

ಡಾಕ್ಟರಮ್ಮ ಬೆರಳು ಮಡಿಚುತ್ತ ಹೋದರು. ಸೆಟ್ಟು ತೋರಿಸಲು ಬಂದ ಅಜ್ಜಿ ಒಂದು ಬೆಲೆ ಹೇಳಿದ್ದಳು. ಅದು ಅಜ್ಜಿಯ ಮದುವೆಯ ಕಾಲದಲ್ಲಿ ಕುರ್ಚಿಗೆ ನಡೆಯುತ್ತಿದ್ದ ಬೆಲೆ, ಈಗ ಅದಕ್ಕೆ ಒಂದು ಹಿಡಿ ಮೊಳೆಯೂ ಬರಲಾರದು. ಅಪ್ಪ ಬೆನ್ನು ನೋವಿದ್ದರೂ ಗೇಟಿನವರೆಗೆ ನಡೆದು, ದಾರಿಯಲ್ಲಿ ಅವರನ್ನು ನಿಲ್ಲಿಸಿ, ಆಮೇಲೆ ಇಳಿಸಲು ಜಾಗವಿರಲಿ ಎಂದು ಆಕಾಶಕ್ಕೆ ಏಣಿ ಹಾಕಿದ್ದರು. ಸೂಜಿಯ ತಮ್ಮನಾದರೋ ಫೋನಿನಲ್ಲಿ ಬರೆದು ಕಳಿಸಿದ್ದ. ಅದರಲ್ಲಿ ಬಟ್ಟೆ, ಸ್ಪಂಜು, ಮೊಳೆ ಎಲ್ಲದರ ಲೆಕ್ಕವೂ ಸರಿಯಾಗಿತ್ತು, ಅಕ್ಕನ ಕೂಲಿ ಸೇರಿಸುವುದನ್ನು ಮಾತ್ರ ಮರೆತಿದ್ದ.

"ಮತ್ತೆ ನೀವು," ಎಂದು ಡಾಕ್ಟರಮ್ಮ ಅಮ್ಮನ ಕಡೆ ತಿರುಗಿದರು. "ತರಕಾರಿ ಅಂಗಡಿಯಲ್ಲಿ ನನ್ನ ಕೈ ಹಿಡ್ಕೊಂಡು, ಏನೂ ಕೊಡಬೇಡಿ, ಒಂದೇ ಬೀದಿಯವರು ನಾವು ಅಂದ್ರಿ."

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಚಹಾದ ತಟ್ಟೆ ನೋಡಿದಳು. ದುಡ್ಡು ತೆಗೆದುಕೊಳ್ಳದೆ ಮಾಡಿದ ಕೆಲಸ ವ್ಯಾಪಾರವಾಗುವುದಿಲ್ಲ. ವ್ಯಾಪಾರವೇ ಶುರುವಾಗದಿದ್ದರೆ ಸಂಬಳ ಬಿಡುವ ಮಾತೂ ಬರುವುದಿಲ್ಲ. ಅಮ್ಮ ಯೋಚಿಸಿದ್ದು ಇಷ್ಟೇ. ಮಗಳ ದಾರಿಗೆ ಅಡ್ಡ ಬರಬೇಕೆಂದಲ್ಲ, ಹೆದರಿಕೆಯಿಂದ. ಸೂಜಿಗೆ ಅದು ಅಮ್ಮನ ಬಗ್ಗಿದ ತಲೆ ನೋಡಿಯೇ ತಿಳಿಯಿತು. ಅವಳಿಗೆ ಸಿಟ್ಟು ಬರಲಿಲ್ಲ. ಇವರೆಲ್ಲರೂ ತನ್ನ ಬಾಯಿಯ ಕೆಲಸ ಮಾಡಲು ಹೊರಟು ಹೀಗೆ ಸಾಲಾಗಿ ಸಿಕ್ಕಿಬಿದ್ದಿದ್ದಾರಲ್ಲ ಎಂದು ಅಯ್ಯೋ ಅನ್ನಿಸಿತು. ಮೊಳೆಗಳ ಹಿಂದೆ ಕೂತವಳು ತಾನೊಬ್ಬಳೇ. ಬೀದಿಯಲ್ಲಿ ಮುಖ ಕೊಟ್ಟು ಮಾತಾಡಿದವರು ಅವರು.

"ನಾನು ಹೇಳಿದ್ದು ಸರಿಯಾದ ಬೆಲೆ," ಎಂದು ಅಜ್ಜಿ ಮಂಚದಿಂದಲೇ ಗೊಣಗಿದಳು. "ಬೇಕಾದರೆ ಒಂದೆರಡು ಜಾಸ್ತಿ ಹಾಕಿಕೊಳ್ಳಿ."

"ಅಮ್ಮ, ನೀನು ಸುಮ್ಮನಿರು," ಎಂದು ಅಪ್ಪ ಅಜ್ಜಿಯನ್ನು ತಡೆದರು.

ಸೂಜಿ ಎದ್ದು ನಿಂತಳು. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ಮೊಳೆಗಳನ್ನು ಉಗುಳಿದಳು. ಒಂದು ಮೊಳೆ ಒಸಡಿಗೆ ಸಿಕ್ಕಿಕೊಂಡಿತ್ತು, ಅದನ್ನೂ ಬೆರಳಿನಿಂದ ತೆಗೆದಳು. ಅವನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಕೈ ಒರೆಸಿಕೊಂಡಳು. ಇಷ್ಟು ಹೊತ್ತೂ ಎಲ್ಲರೂ ಕಾದರು. ಆಮೇಲೆ ಅವಳು ಕುರ್ಚಿಯನ್ನು ಎಳೆದು ತಂದು, ಧೂಳಿಲ್ಲದಿದ್ದರೂ ಒರೆಸಿದಳು.

"ಮೊದಲು ಕೂತ್ಕೊಳ್ಳಿ," ಎಂದಳು.

ದನಿ ಸಣ್ಣಗಿತ್ತು, ಆದರೆ ಕೇಳಿಸಿತು. ಡಾಕ್ಟರಮ್ಮ ಕೂತರು. ಹಿಂದಕ್ಕೆ ಒರಗಿದರು. ಆಗ ಸೂಜಿ ತಲೆಯಾಡಿಸಿ, ಹಾಗಲ್ಲ, ನಿಮ್ಮಲ್ಲಿಗೆ ಬಂದವರು ಕೂರುವ ಹಾಗೆ ಕೂರಿ ಎಂದಳು. ಡಾಕ್ಟರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅಜ್ಜಿ ಮಂಚದ ತುದಿಗೆ ಜರುಗಿ, ಅದರ ಅಂಚನ್ನು ಬಿಗಿಹಿಡಿದು, ಕಣ್ಣು ಪಿಳಿಪಿಳಿ ಬಿಟ್ಟು ತೋರಿಸಿದಳು. ಎಲ್ಲರೂ ನಕ್ಕರು. ಡಾಕ್ಟರಮ್ಮ ಕುರ್ಚಿಯ ಮುಂದಿನ ಅಂಚಿಗೆ ಸರಿದು, ತೋಳುಗಳ ತುದಿ ಹಿಡಿದು ಕೂತರು. ಅಂಚು ಕುಸಿಯಲಿಲ್ಲ. ಅವರ ಬೆರಳುಗಳು ದಪ್ಪ ಪೈಪಿಂಗಿನ ಮೇಲೆ ಒಮ್ಮೆ ಹಿಂದೆ ಮುಂದೆ ಓಡಿದವು.

ಆಗ ಸೂಜಿ ಬೆಲೆ ಹೇಳಿದಳು.

ಅದು ಅಪ್ಪ ಹೇಳಿದ್ದಕ್ಕಿಂತ ಕಡಿಮೆ, ತಮ್ಮ ಬರೆದಿದ್ದಕ್ಕಿಂತ ಜಾಸ್ತಿ. ಹೇಳಿ ಮುಗಿಸಿದ ಮೇಲೆ ಬಾಯಿ ಖಾಲಿ ಖಾಲಿ ಅನ್ನಿಸಿತು. ಮುಚ್ಚಿಕೊಳ್ಳಲು ಏನೂ ಇರಲಿಲ್ಲ.

"ಇದು ಐದನೇದು," ಎಂದರು ಡಾಕ್ಟರಮ್ಮ. ಈ ಸಲ ಅವರು ಉತ್ತರಕ್ಕೆ ಕಾದರು. "ಸ್ವಲ್ಪ ಬಿಡಬಹುದಲ್ಲ?"

"ಬಿಟ್ಟರೆ ಇದೊಂದನ್ನ ಕೊಡಬಹುದು ಡಾಕ್ಟರಮ್ಮ," ಎಂದಳು ಸೂಜಿ. "ಉಳಿದದ್ದು ಮಾಡೋಕಾಗಲ್ಲ. ಕೋಣೆ ಬಾಡಿಗೆನೂ ಇದರಲ್ಲೇ ಬರಬೇಕು."

ಅವಳ ಬಾಯಿಂದ ಅಷ್ಟುದ್ದದ ಮಾತು ಹೊರಗಿನವರ ಎದುರು ಬಂದದ್ದನ್ನು ಮನೆಯವರು ಕೇಳಿರಲಿಲ್ಲ. ಕೋಣೆ ಎಂಬ ಮಾತನ್ನು ಅವಳೇ ಎತ್ತಿದ್ದೂ ಅದೇ ಮೊದಲು. ಅಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಮಗಳನ್ನೇ ನೋಡುತ್ತ ನಿಂತಳು.

ಡಾಕ್ಟರಮ್ಮ ಅಷ್ಟು ಬೇಗ ಏಳಲಿಲ್ಲ. ಚಹಾ ತೆಗೆದುಕೊಂಡು, ಅದೇ ಅಂಚಿನಲ್ಲಿ ಕೂತು ಕುಡಿದರು. ಕೊನೆಗೆ, ಆಗಲಿ ಎಂದರು. ಆದರೆ ಎಲ್ಲ ಕುರ್ಚಿಗಳನ್ನೂ ಒಟ್ಟಿಗೆ ಕೊಡಲಾಗುವುದಿಲ್ಲ, ಬಂದವರನ್ನು ನೆಲದ ಮೇಲೆ ಕೂರಿಸಲಾದೀತೇ, ಎರಡೆರಡರಂತೆ ಕಳಿಸುತ್ತೇನೆ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಸೂಜಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಮೇಲಿನ ಹಲ್ಲಿನ ಅಂಚಿನಲ್ಲಿ ಮೊಳೆ ಕಚ್ಚಿ ಕಚ್ಚಿ ಬಿದ್ದ ಸಣ್ಣ ಕಚ್ಚು ಇತ್ತು.

"ಇನ್ನುಮೇಲೆ ಬಾಯಲ್ಲಿ ಇಟ್ಕೋಬೇಡ," ಎಂದರು. "ಹಲ್ಲು ಹೋದರೆ ನಾನು ಹೇಳೋ ಬೆಲೆ ನಿನಗೆ ಕಟ್ಟೋಕಾಗಲ್ಲ."

ಅವರು ಹೋದ ಮೇಲೆ ಅಪ್ಪ, ನೋಡಿದಿಯಾ, ನನ್ನ ಬೆಲೆಗೇ ಹತ್ತಿರ ಬಂತು ಎಂದು ಬೀಗಿದರು. ಅಮ್ಮ ಚಹಾದ ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು. ಸೂಜಿ ಹಿಂದೆಯೇ ಹೋದಳು. ಅಮ್ಮ ಲೋಟ ತೊಳೆಯುತ್ತಿದ್ದಳು.

"ಎರಡೆರಡು ಕುರ್ಚಿಯಲ್ಲಿ ಮನೆ ನಡೆಯುತ್ತಾ?" ಎಂದು ಕೇಳಿದಳು. ಈ ಸಲ ತಿರುಗಿ, ಮುಖ ನೋಡಿ.

ಅದು ನ್ಯಾಯವಾದ ಪ್ರಶ್ನೆಯೇ. ಸೂಜಿ ಒರೆಸುವ ಬಟ್ಟೆ ತೆಗೆದುಕೊಂಡು ಲೋಟ ಒರೆಸುತ್ತ ನಿಂತಳು. ಡಾಕ್ಟರಮ್ಮನ ಕುರ್ಚಿಗಳು ಮುಗಿದ ಮೇಲೆ ಏನು? ಹೊಸ ಅಂಗಡಿಗೆ ಗಿರಾಕಿ ಕುದುರುವ ತನಕ ಔಷಧಿ ಅಂಗಡಿಯವನು ಕಾಯುತ್ತಾನೆಯೇ? ಉತ್ಸಾಹದಲ್ಲಿ ಹಾರಿಬಿಡುವ ಜಾತಿ ಅವಳದಲ್ಲ. ಇಷ್ಟು ವರ್ಷ ಯಂತ್ರದ ಹಿಂದೆ ಕೂತು ನೋಡಿದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡಳು. ಯಜಮಾನರ ಅಂಗಡಿಯಲ್ಲಿ ಯಾವ ಕೆಲಸ ಎಂದೂ ನಿಲ್ಲುವುದಿಲ್ಲ? ಸೋಫಾ ಬರಲಿ ಬಿಡಲಿ, ಹಾಸಿಗೆಯ ಅಂಚಿಗೋ ದಿಂಬಿನ ಅಂಚಿಗೋ ಸುರುಳಿಗಟ್ಟಲೆ ಬೇಕಾಗುವುದು ಏನು?

"ನಡೆಯಲ್ಲ ಅಮ್ಮ," ಎಂದಳು. "ಅದಕ್ಕೆ ಇನ್ನೊಬ್ಬ ಗಿರಾಕಿ ಬೇಕು. ಯಾರು ಅಂತ ಗೊತ್ತು. ಅವರು ಒಪ್ಪಿದರೆ ಕೋಣೆ ಹಿಡಿಯೋಣ. ಒಪ್ಪದಿದ್ದರೆ ಈ ವರ್ಷ ಬೇಡ."

ಅಮ್ಮ ಕೈಯಲ್ಲಿದ್ದ ಲೋಟವನ್ನು ಅವಳಿಗೆ ಕೊಟ್ಟಳು. "ಬೆಲೆ ಮಾತ್ರ ನೀನೇ ಹೇಳು. ನಾವ್ಯಾರೂ ಬರಲ್ಲ," ಎಂದಳು.

ಮರುದಿನ ಬೆಳಿಗ್ಗೆ ಸೂಜಿ ಅಂಗಡಿಗೆ ಹೋದಾಗ ಯಜಮಾನರು ಒಂದು ದೊಡ್ಡ ಸೋಫಾದ ಬೆನ್ನಿಗೆ ಬಟ್ಟೆ ಎಳೆಯುತ್ತಿದ್ದರು. ಅವಳು ಚೀಲ ಕೆಳಗಿಟ್ಟು, ನಿಂತಲ್ಲಿಯೇ ನಿಂತು, ಹೇಳಬೇಕಾದುದನ್ನು ಹೇಳಿದಳು. ತಿರುವಿನ ಕೋಣೆ ಹಿಡಿಯಬೇಕೆಂದಿದ್ದೇನೆ. ಹಳೆಯ ಕುರ್ಚಿ ಮಾತ್ರ ಮಾಡುತ್ತೇನೆ, ನಿಮ್ಮ ಸೋಫಾದ ಗಿರಾಕಿಗಳ ತಂಟೆಗೆ ಬರುವುದಿಲ್ಲ. ಇಲ್ಲಿಗೆ ಬೇಕಾದ ಪೈಪಿಂಗನ್ನೆಲ್ಲ ಅಲ್ಲಿಂದಲೇ ಹೊಲಿದು ಕೊಡುತ್ತೇನೆ, ವಾರವಾರ, ನಿಲ್ಲಿಸದೆ. ಒಂದು ಸುರುಳಿಗೆ ಇಷ್ಟು.

ಯಜಮಾನರು ಸುತ್ತಿಗೆ ಕೆಳಗಿಟ್ಟರು. ಮಾತೇ ಬಂಡವಾಳವಾದ ಮನುಷ್ಯ, ಡಬ್ಬಿಗೆ ಕೈಹಾಕಿ, ನಾಲ್ಕು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡರು. ಸುತ್ತಿಗೆ ಮತ್ತೆ ಎತ್ತಿಕೊಂಡು ಸೋಫಾದ ಕಡೆ ತಿರುಗಿ ಬಟ್ಟೆ ಎಳೆದರು. ಒಂದು ಹೊಡೆದರು. ಇನ್ನೊಂದು ಹೊಡೆದರು. ಅವರು ಇಲ್ಲ ಎಂದರೆ ಬೀಗದವನ ಕೋಣೆ ಹೋಯಿತು, ಈ ಕೆಲಸವೂ ಹೋದರೂ ಹೋದೀತು. ಸೂಜಿ ಅಲುಗಾಡದೆ ನಿಂತಳು. ಮೊಳೆಗಳ ಹಿಂದೆ ಮನುಷ್ಯ ಏನು ಮಾಡುತ್ತಿರುತ್ತಾನೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕಾದಳು.

ನಾಲ್ಕನೆಯ ಮೊಳೆಯೂ ಮುಗಿಯಿತು. ಯಜಮಾನರು ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದರು.

"ಇಷ್ಟು ವರ್ಷ ಇಲ್ಲಿ ಕೂತು ಏನು ಕಲಿತೆ ನೀನು?" ಎಂದು ಮುಖ ಗಂಟಿಕ್ಕಿದರು. "ನಿಲ್ಲಿಸಿಕೊಂಡು ಬೆಲೆ ಹೇಳ್ತಾರಾ ಯಾರಾದರೂ?"

ಸೂಜಿ ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಆಮೇಲೆ ಮೂಲೆಯಿಂದ ತನ್ನದೇ ಸ್ಟೂಲನ್ನು, ಹೊಲಿಗೆಯಂತ್ರದ ಹಿಂದಿನ ಸ್ಟೂಲನ್ನು, ಎಳೆದು ತಂದು ಅವರ ಮುಂದಿಟ್ಟಳು. ಧೂಳು ಇತ್ತು, ಒರೆಸಿದಳು. ಯಜಮಾನರು ಕೂತರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಅವಳ ಮುಖ ನೋಡಿದರು.

"ಈಗ ಹೇಳು," ಎಂದರು.

ಅವಳು ಅದೇ ಬೆಲೆಯನ್ನು ಇನ್ನೊಮ್ಮೆ ಹೇಳಿದಳು. ಯಜಮಾನರು ಏಳಲಿಲ್ಲ.